ಬೆಂಗಳೂರು ನೋಡಲು ಹೊರಟವರಿಗೆ

ಹಾವೇರಿ, ರಾಣೇಬೆನ್ನೂರಿನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗಾಗುವಷ್ಟರಲ್ಲಿ ಬೆಂಗಳೂರು. ಬ್ಯಾಡಗಿಯವರು ಮಾತ್ರ ತಮ್ಮೂರಲ್ಲಿ ರೈಲು ನಿಲ್ಲುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಇಳಿದ ಕೂಡಲೇ ವಿಧಾನಸೌಧಕ್ಕೆ ಓಡಬೇಡಿ. ಮೆಜೆಸ್ಟಿಕ್‌ನಿಂದ ಹಸಿರು ಮೆಟ್ರೊ ಹಿಡಿದು ತಂಪು ಹೊತ್ತಿನಲ್ಲೇ ಲಾಲ್‌ಬಾಗ್ ಸೇರಿ. 1889ರ ಗಾಜಿನಮನೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಕೆಂಪೇಗೌಡರ ಗೋಪುರ ಹೊತ್ತ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸೆಂಬುದು ಮಕ್ಕಳಿಗೆ ಹೇಳಿದರೆ ಮಾತ್ರ ಗೊತ್ತಾಗುತ್ತದೆ.

ಹಿಂದಿರುಗುವಾಗ ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲೇ ಪಕ್ಕದ ಬೆಂಗಳೂರು ಕೋಟೆಯಲ್ಲಿ ಉಳಿದಿರುವುದು ಸ್ವಲ್ಪವೇ. 1791ರಲ್ಲಿ ಕಾರ್ನ್‌ವಾಲಿಸನ ಬ್ರಿಟಿಷ್ ಸೈನ್ಯ ಅದನ್ನು ಗೆದ್ದಿತು. ಹತ್ತಿರದಲ್ಲೇ ಟಿಪ್ಪುವಿನ ಬೇಸಿಗೆ ಅರಮನೆ. ಹೈದರಾಲಿ ಶುರು ಮಾಡಿಸಿದ್ದನ್ನು ಮಗ ಮುಗಿಸಿದ. ನಮ್ಮ ಹಾವೇರಿಯ ಸಿದ್ಧೇಶ್ವರ ಗುಡಿಯ ಕಲ್ಗಂಬಗಳನ್ನು ನೋಡಿ ಬೆಳೆದವರಿಗೆ ಇಲ್ಲಿನ ತೇಗದ ಕಂಬಗಳು ಬೇರೆಯೇ ಲೋಕ. ಅವಸರ ಮಾಡದೆ ಕಮಾನುಗಳ ಕೆಳಗೆ ನಿಂತು ನೋಡಿ. ನನ್ನನ್ನು ಕೇಳಿದರೆ, ಸಮಯ ಕಡಿಮೆಯಿದ್ದಾಗ ಮಾಲ್ ಬಿಡಿ, ಇದನ್ನು ಬಿಡಬೇಡಿ. ಟಿಕೆಟ್ ಇದೆ, 15 ವರ್ಷದೊಳಗಿನ ಮಕ್ಕಳಿಗೆ ಉಚಿತ. ವಯಸ್ಸಿನ ತಕರಾರು ಬರದಂತೆ ಆಧಾರ್ ಜೊತೆಗಿರಲಿ.

ವಿಧಾನಸೌಧ ಸಂಜೆಗಿರಲಿ. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಎದ್ದು 1956ರಲ್ಲಿ ಮುಗಿದ ಈ ಕಟ್ಟಡದ ಒಳಗೆ ಅನುಮತಿಯಿಲ್ಲದೆ ಬಿಡುವುದಿಲ್ಲ. ಒಳಗೆ ಹೋಗಬೇಕೆಂದಿದ್ದರೆ ಊರಲ್ಲಿದ್ದಾಗಲೇ ವ್ಯವಸ್ಥೆ ಮಾಡಿಕೊಳ್ಳಿ. ಇಲ್ಲವಾದರೆ ರಸ್ತೆಯಿಂದಲೇ ನೋಡಿ; ಎದುರಿಗಿನ ಕೆಂಪು ಕಟ್ಟಡ ಅಠಾರ ಕಚೇರಿ, ಈಗಿನ ಹೈಕೋರ್ಟು, ಇದಕ್ಕಿಂತ ಹಳೆಯದು. ಭಾನುವಾರವಾದರೆ ದೀಪ ಹೊತ್ತುವ ತನಕ ಇರಿ, ಆದರೆ ರಾತ್ರಿ ರೈಲಿಗೆ ಒಂದು ಗಂಟೆ ಮೊದಲೇ ಹೊರಡಿ.