ಮನೆಯಿಲ್ಲದವರ ಹೆಸರಿನಲ್ಲಿ ಬಂದ ಅರ್ಜಿ: ಓದುವುದು ಹೇಗೆ, ಅಂಕ ಕೊಡುವುದು ಹೇಗೆ?



ಕಳೆದ ಪಾಠದಲ್ಲಿ ಒಕ್ಕೂಟದ ಲೆಕ್ಕಪುಸ್ತಕ ಬರೆಯುವುದನ್ನು ಕಲಿತೆವು. ಈ ಸಲ ಸ್ವಲ್ಪ ಬೇರೆ ವಿಷಯ. ಈಗ ನಮ್ಮ ಸಂಘಗಳ ಪ್ರತಿನಿಧಿಗಳನ್ನು ಹಲವು ಸಮಿತಿಗಳಿಗೆ ಕರೆಯುತ್ತಾರೆ. ಅದು ಊರಿನ ಆಶ್ರಯ ಕೇಂದ್ರದ ಸಮಿತಿ ಇರಬಹುದು, ಯಾವುದಾದರೂ ಸಂಸ್ಥೆಯ ನಿಧಿ ಹಂಚುವ ಸಮಿತಿ ಇರಬಹುದು. ಮೇಜಿನ ಮೇಲೆ ದಪ್ಪ ದಪ್ಪ ಫೈಲು ಇಟ್ಟಿರುತ್ತಾರೆ. "ಮನೆಯಿಲ್ಲದವರಿಗೆ ವಸತಿ ಮತ್ತು ಇತರ ಸೇವೆ ಕೊಡುತ್ತೇವೆ, ಇಷ್ಟು ಲಕ್ಷ ಮಂಜೂರು ಮಾಡಿ" ಅಂತ ಅದರಲ್ಲಿ ಬರೆದಿರುತ್ತದೆ. ನಮ್ಮ ಅಕ್ಕಂದಿರು ಟೀ ಕುಡಿದು, ತೋರಿಸಿದ ಕಡೆ ಸಹಿ ಹಾಕಿ ಬರುತ್ತಾರೆ. ಕೇಳಿದರೆ, "ನಮಗೇನು ಗೊತ್ತಾಗುತ್ತೆ ಸಿಸ್ಟರ್, ಎಲ್ಲಾ ದೊಡ್ಡ ದೊಡ್ಡ ಮಾತು" ಅನ್ನುತ್ತಾರೆ.

ಗೊತ್ತಾಗುವುದಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸಂಘದಲ್ಲಿ ಒಬ್ಬಳು ಎಮ್ಮೆ ತರಲು 50,000 ರೂಪಾಯಿ ಸಾಲ ಕೇಳಿದರೆ ನೀವು ಸುಮ್ಮನೆ ಸಹಿ ಹಾಕುತ್ತೀರಾ? ಎಮ್ಮೆ ಎಲ್ಲಿಂದ ತರ್ತೀಯಾ, ಮೇವಿಗೇನು ಮಾಡ್ತೀಯಾ, ಹಾಲು ಎಲ್ಲಿಗೆ ಹಾಕ್ತೀಯಾ, ಹಿಂದಿನ ಸಾಲದ ಕಂತು ಎಷ್ಟು ಬಾಕಿ ಇದೆ ಅಂತ ಒಂದೊಂದಾಗಿ ಕೇಳುತ್ತೀರಿ. ದುಡ್ಡು ಕೊಟ್ಟ ಮೇಲೆ ಕೊಟ್ಟಿಗೆಗೆ ಹೋಗಿ ಎಮ್ಮೆ ಬಂದಿದೆಯಾ ಅಂತ ನೋಡಿಯೇ ಬರುತ್ತೀರಿ. ಆಫೀಸಿನವರು ಮೌಲ್ಯಮಾಪನ ಅನ್ನುವುದು ಇದಕ್ಕೇ. ಕೋರ್ಸು ಮಾಡಿ ನಾನು ಕಲಿತದ್ದರಲ್ಲಿ ಅರ್ಧ ನಿಮಗೆ ಆಗಲೇ ಬರುತ್ತದೆ.

ಒಂದು ರಾತ್ರಿಯ ಕಥೆ

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಊರಿನಲ್ಲಿ ಒಂದು ದಿನ ಸಂಜೆ ಸಂಘದ ಅಧ್ಯಕ್ಷೆಯ ಫೋನ್ ಬಂತು. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಒಬ್ಬ ಅಜ್ಜಿ ಮಲಗಿದ್ದಾರೆ, ಕಾಲಿಗೆ ದೊಡ್ಡ ಬ್ಯಾಂಡೇಜು ಇದೆ, ಆ ದಿನವೇ ಆಸ್ಪತ್ರೆಯಿಂದ ಬಿಡುಗಡೆ ಆಗಿದೆ ಅಂತ. ಹೋಗಿ ನೋಡಿದರೆ ಚೀಲದಲ್ಲಿ ಔಷಧಿ ಚೀಟಿ ಇತ್ತು, ಹೋಗಲು ಮನೆ ಇರಲಿಲ್ಲ.

ಮೊದಲನೆಯ ಆಶ್ರಯ ಕೇಂದ್ರಕ್ಕೆ ಹೋದೆವು. ಅಲ್ಲಿ ಗಂಡಸರಿಗೆ ಮಾತ್ರ. ಎರಡನೆಯದರಲ್ಲಿ ಆಧಾರ್ ಕಾರ್ಡ್ ಕೇಳಿದರು. ಕಾರ್ಡ್ ಇದ್ದ ಪೆಟ್ಟಿಗೆ ಬಾಡಿಗೆ ಮನೆಯವರ ಹತ್ತಿರ ಉಳಿದುಹೋಗಿತ್ತು. ಮಹಿಳೆಯರ ನಿಲಯದವರು ಪೊಲೀಸರ ಪತ್ರ ಬೇಕು ಅಂದರು. ಠಾಣೆಯಲ್ಲಿ, "ದೂರು ಇಲ್ಲದೆ ನಾವು ಯಾವ ಪತ್ರ ಕೊಡೋದು?" ಅಂದರು. ಅವರ ಮಾತೂ ತಪ್ಪಲ್ಲ. ರಾತ್ರಿ 11 ಗಂಟೆಗೆ ಅಜ್ಜಿಯನ್ನು ನಮ್ಮ ಟೈಲರಿಂಗ್ ತರಬೇತಿಯ ಕೋಣೆಯಲ್ಲಿ, ಯಂತ್ರಗಳನ್ನು ಪಕ್ಕಕ್ಕೆ ಸರಿಸಿ ಮಲಗಿಸಿದೆವು.

ನನ್ನ ಮನಸ್ಸಿಗೆ ಚುಚ್ಚಿದ್ದು ಬೇರೆ. ಆ ವರ್ಷ ಈ ಮೂರರಲ್ಲಿ ಎರಡು ಕಡೆಯವರ ಅರ್ಜಿ ಓದಿ ಅಂಕ ಕೊಟ್ಟವಳು ನಾನೇ. ಎರಡರಲ್ಲೂ "ಎಲ್ಲಾ ಇಲಾಖೆಗಳೊಂದಿಗೆ ಸಮನ್ವಯ ಸಾಧಿಸಿ ಸೇವೆ ನೀಡಲಾಗುವುದು" ಎಂಬ ಸಾಲು ಇತ್ತು. ಚೆನ್ನಾಗಿ ಬರೆದಿದ್ದಾರೆ ಅಂತ ಸಮನ್ವಯಕ್ಕೆ ಇಟ್ಟಿದ್ದ ಅಂಕ ಪೂರ್ತಿ ಕೊಟ್ಟಿದ್ದೆ.

ಸಮನ್ವಯ ಎಂದರೆ ಏನು?

ಆಸ್ಪತ್ರೆ, ಪೊಲೀಸು, ಆಶ್ರಯ ಕೇಂದ್ರ, ಪಿಂಚಣಿ ಕಚೇರಿ, ಅಂಗನವಾಡಿ ಎಲ್ಲವೂ ಊರಿನಲ್ಲಿ ಇರುತ್ತವೆ. ಒಂದರಿಂದ ಇನ್ನೊಂದಕ್ಕೆ ಕೈಹಿಡಿದು ದಾಟಿಸುವವರು ಇರುವುದಿಲ್ಲ. ಆ ದಾಟಿಸುವ ಕೆಲಸವೇ ಸಮನ್ವಯ. ಆದ್ದರಿಂದ ಅರ್ಜಿಯಲ್ಲಿ ಆ ಪದ ಕಂಡ ಕೂಡಲೇ ಕೇಳಿ: ಯಾರ ಜೊತೆ? ಅಲ್ಲಿ ಯಾರ ಹೆಸರು? ಅವರ ಫೋನ್ ನಂಬರ್ ಏನು? ಅವರು ಬರೆದುಕೊಟ್ಟ ಪತ್ರ ಎಲ್ಲಿ? ಪತ್ರದಲ್ಲಿ "ಸಹಕಾರ ನೀಡಲಾಗುವುದು" ಅಂತ ಮಾತ್ರ ಇದ್ದರೆ ಅದಕ್ಕೆ ಬೆಲೆ ಕಡಿಮೆ. "ವಾರಕ್ಕೊಮ್ಮೆ ನರ್ಸ್ ಬರುತ್ತಾರೆ", "ಬಿಡುಗಡೆಗೆ ಮುಂಚೆ ಆಸ್ಪತ್ರೆಯವರು ಕೇಂದ್ರಕ್ಕೆ ಫೋನ್ ಮಾಡುತ್ತಾರೆ" ಅಂತ ಇದ್ದರೆ ಬೆಲೆ ಇದೆ. ಸಮಿತಿ ಕೂತಲ್ಲಿಂದಲೇ ಆ ನಂಬರಿಗೆ ಒಂದು ಫೋನ್ ಮಾಡಿ ನೋಡಿ. ಹೀಗೆ ಮಾಡಿದಾಗ "ಯಾವ ಸಂಸ್ಥೆ? ನಮಗೆ ಗೊತ್ತೇ ಇಲ್ವಲ್ಲ!" ಅನ್ನುವ ಉತ್ತರವನ್ನು ನಾನು ಕೇಳಿದ್ದೇನೆ.

ನಾನು ಈಗ ಎಲ್ಲಾ ಅರ್ಜಿದಾರರಿಗೂ ಒಂದೇ ಪ್ರಶ್ನೆ ಮೊದಲು ಕೇಳುತ್ತೇನೆ: ರಾತ್ರಿ 9 ಗಂಟೆಗೆ ಮಗು ಎತ್ತಿಕೊಂಡು, ಕೈಯಲ್ಲಿ ಯಾವ ಕಾಗದವೂ ಇಲ್ಲದೆ ಒಬ್ಬ ಹೆಂಗಸು ನಿಮ್ಮ ಬಾಗಿಲಿಗೆ ಬಂದರೆ ಏನು ಮಾಡುತ್ತೀರಿ? "ನಮ್ಮಲ್ಲಿ ಜಾಗ ಇಲ್ಲ, ಆದರೆ ಇಂಥಲ್ಲಿಗೆ ಫೋನ್ ಮಾಡಿ, ಅವರು ಬರುವವರೆಗೆ ಒಳಗೆ ಕೂರಿಸುತ್ತೇವೆ" ಎಂದರೂ ಅದು ಒಳ್ಳೆಯ ಉತ್ತರವೇ. "ನಿಯಮ ನೋಡಬೇಕು" ಅಂದರೆ ನಾನು ಪೆನ್ನು ಕೆಳಗಿಡುತ್ತೇನೆ.

ಅಳತೆಗೋಲು ಎಲ್ಲಿಂದ ತರುವುದು?

2011ರ ಜನಗಣತಿ ಪ್ರಕಾರ ದೇಶದಲ್ಲಿ ಮನೆಯಿಲ್ಲದವರು 17 ಲಕ್ಷಕ್ಕೂ ಹೆಚ್ಚು. ಅದರಲ್ಲಿ 9 ಲಕ್ಷಕ್ಕೂ ಹೆಚ್ಚು ಜನ ಪಟ್ಟಣ, ನಗರಗಳಲ್ಲಿದ್ದರು. ಒಂದೇ ರಾತ್ರಿ ಎಣಿಸಿದ ಲೆಕ್ಕ ಅದು. ಹೆಂಗಸರು ಹೆದರಿ ಮರೆಯಲ್ಲಿ ಮಲಗುವುದರಿಂದ ಎಣಿಕೆಗೆ ಸಿಗುವುದೇ ಕಷ್ಟ.

2010ರಲ್ಲಿ ಸುಪ್ರೀಂ ಕೋರ್ಟ್ ರಾತ್ರಿ ಆಶ್ರಯ ಕೇಂದ್ರಗಳನ್ನು ತೆರೆಯಬೇಕೆಂದು ಸರ್ಕಾರಗಳಿಗೆ ಆದೇಶ ಮಾಡಿತು. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ಇದಕ್ಕೆಂದೇ ಒಂದು ಭಾಗ ಇತ್ತು. ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಜಾಗ, ಒಬ್ಬರಿಗೆ ಸುಮಾರು 50 ಚದರ ಅಡಿ, ದಿನದ 24 ಗಂಟೆಯೂ ತೆರೆದಿರಬೇಕು, ನೀರು, ಶೌಚಾಲಯ, ಅಡುಗೆ ಜಾಗ, ಹಾಸಿಗೆ ಹೊದಿಕೆ ಒಗೆಯುವ ವ್ಯವಸ್ಥೆ, ಮಕ್ಕಳಿದ್ದರೆ ಅಂಗನವಾಡಿ ಸಂಪರ್ಕ ಎಂದೆಲ್ಲಾ ಅದರಲ್ಲಿ ಹೇಳಿತ್ತು. ಸ್ವ-ಸಹಾಯ ಸಂಘಗಳ ಒಕ್ಕೂಟವೂ ಕೇಂದ್ರ ನಡೆಸಬಹುದು ಎಂದಿತ್ತು. ಇದನ್ನು ಗಮನಿಸಿ. ಇಂದು ಅರ್ಜಿ ಓದುವ ನೀವು ನಾಳೆ ಅರ್ಜಿ ಬರೆಯುವವರೂ ಆಗಬಹುದು. ಆ ಅಭಿಯಾನದ ಅವಧಿ 2024ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆದರೂ ಅಳತೆಗೋಲಾಗಿ ಅದು ಉಪಯೋಗಕ್ಕೆ ಬರುತ್ತದೆ.

ಚಾವಣಿ ಇದ್ದರೆ ಸಾಕಾಗುವುದಿಲ್ಲ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಕಹಿ ಉದಾಹರಣೆ ಇದೆ. 2010ರ ಆಗಸ್ಟಿನಲ್ಲಿ ಬೆಂಗಳೂರಿನ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಅನೇಕರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅಲ್ಲಿ ಕಟ್ಟಡ ಇತ್ತು. ಆ ಕೆಲಸಕ್ಕೆಂದೇ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಕರವೂ ಸೇರಿರುತ್ತದೆ.

ದುಡ್ಡಿನ ಪುಟ

ನನ್ನ ಅಭಿಪ್ರಾಯದಲ್ಲಿ ಅರ್ಜಿಯನ್ನು ಹಿಂದಿನಿಂದ ಓದಬೇಕು. ಮೊದಲು ಬಜೆಟ್ಟು, ಆಮೇಲೆ ಉದ್ದೇಶ. ಬನ್ನಿ, ಒಂದು ಲೆಕ್ಕ ಮಾಡೋಣ.

50 ಹಾಸಿಗೆಯ ಕೇಂದ್ರಕ್ಕೆ ವರ್ಷಕ್ಕೆ 8 ಲಕ್ಷ ಕೇಳಿದ್ದಾರೆ ಎಂದಿಟ್ಟುಕೊಳ್ಳಿ. ಒಂದು ಹಾಸಿಗೆಗೆ ವರ್ಷಕ್ಕೆ 16,000, ಅಂದರೆ ರಾತ್ರಿಗೆ ಸುಮಾರು 44 ರೂಪಾಯಿ. ಕಡಿಮೆಯೇ ಆಯಿತಲ್ಲ ಅನಿಸುತ್ತದೆ. ಈಗ ಒಳಗೆ ನೋಡಿ. ದಿನವಿಡೀ ತೆರೆದಿರಬೇಕಾದರೆ 8 ಗಂಟೆಗೆ ಒಬ್ಬರಂತೆ ಮೂವರು ಬೇಕು. ತಿಂಗಳಿಗೆ 12,000 ಅಂದರೂ ಮೂವರಿಗೆ ವರ್ಷಕ್ಕೆ 4,32,000. ನೋಡಿಕೊಳ್ಳುವ ಮೇಲ್ವಿಚಾರಕಿಗೆ ತಿಂಗಳಿಗೆ 16,000 ಅಂದರೆ 1,92,000. ಒಟ್ಟು 6,24,000 ಸಂಬಳಕ್ಕೇ ಹೋಯಿತು. ಉಳಿದದ್ದು 1,76,000. ತಿಂಗಳಿಗೆ 15,000 ಕೂಡ ಇಲ್ಲ. ಅದರಲ್ಲೇ ಕರೆಂಟು, ನೀರು, ಸೋಪು, ಫಿನಾಯಿಲು, ಕಂಬಳಿ ಒಗೆಸುವುದು, ಒಡೆದ ನಲ್ಲಿ ರಿಪೇರಿ. ಅದೇ ಅರ್ಜಿಯಲ್ಲಿ "50 ಜನರಿಗೆ ಎರಡು ಹೊತ್ತು ಉಚಿತ ಊಟ" ಅಂತಲೂ ಇದ್ದರೆ? ಒಂದು ಊಟಕ್ಕೆ 30 ರೂಪಾಯಿ ಅಂದರೂ ದಿನಕ್ಕೆ 3,000, ವರ್ಷಕ್ಕೆ 10,95,000. ಕೇಳಿದ ದುಡ್ಡಿಗಿಂತ ಊಟದ ಖರ್ಚೇ ಜಾಸ್ತಿ. ಹಾಗಾದರೆ ಒಂದೋ ಊಟ ಕೊಡುವುದಿಲ್ಲ, ಇಲ್ಲವೇ ಸಂಬಳ ಕೊಡುವುದಿಲ್ಲ, ಇಲ್ಲವೇ ಬೇರೆ ಕಡೆಯಿಂದ ದುಡ್ಡು ಬರುತ್ತಿದೆ, ಹೇಳಿಲ್ಲ. ಮೂರರಲ್ಲಿ ಯಾವುದು ಅಂತ ಕೇಳುವ ಹಕ್ಕು ನಿಮಗಿದೆ. ಇಂದಿರಾ ಕ್ಯಾಂಟೀನಿನ ಹತ್ತಿರ ಜಾಗ ನೋಡಿ ಕೇಂದ್ರ ಮಾಡುತ್ತೇವೆ ಅಂದವರ ಅರ್ಜಿ ಇದಕ್ಕಿಂತ ಪ್ರಾಮಾಣಿಕ.

ಇನ್ನೊಂದು, ವಾರದ ರಜೆ. ಮೂವರೇ ಇದ್ದರೆ ಒಬ್ಬಳಿಗೆ ರಜೆ ಇದ್ದ ದಿನ ಯಾರು ನೋಡುತ್ತಾರೆ? ಬಹಳ ಜನ ಇದನ್ನು ಬರೆಯುವುದೇ ಇಲ್ಲ. ಆ ರಾತ್ರಿ ಬಾಗಿಲಿಗೆ ಬೀಗ ಬೀಳುತ್ತದೆ.

ಹಾಸಿಗೆ 50 ಇದ್ದು ಮಲಗುವವರು 20 ಮಂದಿಯಾದರೆ ಅದೇ 44 ರೂಪಾಯಿ ಸುಮಾರು 110 ಆಗುತ್ತದೆ. ಕಡಿಮೆ ಜನ ಬಂದರೆ ಅಗತ್ಯವೇ ಇಲ್ಲ ಅಂತ ತೀರ್ಮಾನಿಸಬೇಡಿ. ಕೇಂದ್ರ ಊರ ಹೊರಗಿದೆಯೇ, ಶೌಚಾಲಯಕ್ಕೆ ಚಿಲಕ ಇದೆಯೇ, ಹೆಂಗಸರ ಕೋಣೆಗೆ ಗಂಡಸರ ಕೋಣೆ ದಾಟಿ ಹೋಗಬೇಕೇ ಅಂತ ಮೊದಲು ನೋಡಿ. ಹೂ ಮಾರುವವಳು ಬೆಳಗಿನ ಜಾವ ಮಾರ್ಕೆಟ್ಟಿಗೆ ಹೋಗಬೇಕು. ನಾಲ್ಕು ಕಿಲೋಮೀಟರ್ ದೂರದ ಒಳ್ಳೆಯ ಹಾಸಿಗೆಗಿಂತ ಮಾರ್ಕೆಟ್ಟಿನ ಕಟ್ಟೆಯೇ ಅವಳಿಗೆ ವಾಸಿ.

ಬೇರೆ ದೇಶದಿಂದ ಒಂದು ಪಾಠ

ಅಮೆರಿಕದಲ್ಲಿ 1987ರ ಒಂದು ಕಾಯಿದೆಯ ಮೂಲಕ ಮನೆಯಿಲ್ಲದವರಿಗಾಗಿ ಕೇಂದ್ರ ಸರ್ಕಾರದ ಹಣ ಬರಲು ಶುರುವಾಯಿತು. ಮೊದಲು ಪ್ರತಿ ಸಂಸ್ಥೆಯೂ ತನ್ನಷ್ಟಕ್ಕೆ ಅರ್ಜಿ ಹಾಕುತ್ತಿತ್ತು. 1990ರ ದಶಕದ ಮಧ್ಯದಿಂದ ಅಲ್ಲಿನ ವಸತಿ ಇಲಾಖೆ, ಒಂದು ಪ್ರದೇಶದ ಎಲ್ಲರೂ ಸೇರಿ ಒಂದೇ ಅರ್ಜಿ ಕೊಡಿ ಅಂತ ಹೇಳಿತು. ಸ್ಥಳೀಯ ಸಮಿತಿ ಒಂದೊಂದು ಯೋಜನೆಯನ್ನೂ ಓದಿ, ಅಂಕ ಕೊಟ್ಟು, ಮೇಲಿನಿಂದ ಕೆಳಗೆ ಪಟ್ಟಿ ಮಾಡುವ ಪದ್ಧತಿ ಬಂತು. ಎಷ್ಟು ಹಾಸಿಗೆ ಹಾಕಿದಿರಿ ಎಂಬುದರ ಬದಲು ಜನ ಎಷ್ಟು ದಿನ ಬೀದಿಯಲ್ಲಿ ಕಳೆದರು, ಎಷ್ಟು ಜನ ಸ್ವಂತ ಬಾಡಿಗೆ ಮನೆ ಸೇರಿದರು, ಅದರಲ್ಲಿ ಎಷ್ಟು ಜನ ಮತ್ತೆ ಬೀದಿಗೆ ಬಂದರು ಅಂತ ಕೇಳತೊಡಗಿದರು. 2012ರ ನಿಯಮದಲ್ಲಿ, ಆಡಳಿತ ಮಂಡಳಿಯಲ್ಲಿ ಮನೆಯಿಲ್ಲದ ಅಥವಾ ಹಿಂದೆ ಮನೆ ಇಲ್ಲದೆ ಬದುಕಿದ ಒಬ್ಬರಾದರೂ ಇರಲೇಬೇಕು ಎಂದು ಸೇರಿಸಿದರು. ನನಗೆ ಬಹಳ ಹಿಡಿಸಿದ್ದು ಇದೇ.

ಆದರೆ ಅಂಕದ ಪದ್ಧತಿಯಲ್ಲಿ ಒಂದು ಮೋಸ ಅಡಗಿದೆ, ಅದು ನಿಮಗೆ ಚೆನ್ನಾಗಿ ಗೊತ್ತು. ಬ್ಯಾಂಕಿನವರು ಸಂಘಕ್ಕೆ ಗ್ರೇಡಿಂಗ್ ಮಾಡುತ್ತಾರೆ ಅಂದಾಗ ಕೆಲವು ಸಂಘಗಳು ಏನು ಮಾಡಿದವು? ಕಂತು ತಪ್ಪಿಸುವ ಬಡವಿಯನ್ನು, ಗಂಡ ಬಿಟ್ಟವಳನ್ನು ಮೆಲ್ಲಗೆ ಹೊರಗೆ ಹಾಕಿದವು. ಪುಸ್ತಕದಲ್ಲಿ ಮರುಪಾವತಿ ನೂರಕ್ಕೆ ನೂರು. ಆಶ್ರಯ ಕೇಂದ್ರದವರೂ ಹಾಗೇ ಮಾಡಬಹುದು. ಗಟ್ಟಿಮುಟ್ಟಾದ ಕೂಲಿಯವರನ್ನು ಸೇರಿಸಿಕೊಂಡು, ಕಾಯಿಲೆಯವರನ್ನು, ಮನಸ್ಸಿನ ಸಮಸ್ಯೆ ಇರುವವರನ್ನು ಬಿಟ್ಟರೆ ಅಂಕ ತಾನಾಗಿ ಏರುತ್ತದೆ. ಅದಕ್ಕೇ "ಎಷ್ಟು ಜನರಿಗೆ ಒಳ್ಳೆಯದಾಯಿತು" ಅಂತ ಕೇಳಿದ ಮೇಲೆ "ಯಾರನ್ನು ವಾಪಸ್ ಕಳಿಸಿದಿರಿ, ಯಾಕೆ?" ಅಂತಲೂ ಕೇಳಿ. ವಾಪಸ್ ಕಳಿಸಿದವರ ರಿಜಿಸ್ಟರ್ ಇಟ್ಟವರಿಗೆ ನಾನು ಎರಡು ಅಂಕ ಜಾಸ್ತಿ ಕೊಡುತ್ತೇನೆ.

ಕುಡಿತದ ವಿಷಯವನ್ನೂ ಹೇಳಿಬಿಡುತ್ತೇನೆ. "ಕುಡಿತ ಬಿಟ್ಟವರಿಗೆ ಮಾತ್ರ ಪ್ರವೇಶ" ಎಂದು ಅರ್ಜಿಯಲ್ಲಿದ್ದರೆ ನಮ್ಮಲ್ಲಿ ಬಹಳ ಜನ ತಲೆದೂಗುತ್ತೀರಿ. ಗಂಡನ ಕುಡಿತದಿಂದ ನೊಂದವರು ನೀವು, ಅರ್ಥವಾಗುತ್ತದೆ. ಆದರೆ ನ್ಯೂಯಾರ್ಕಿನಲ್ಲಿ 1992ರಿಂದ ಮೊದಲು ಮನೆ ಕೊಟ್ಟು, ಆಮೇಲೆ ಚಿಕಿತ್ಸೆ ಎಂಬ ಕ್ರಮ ಶುರುಮಾಡಿದರು. ಕೆನಡಾದ ಐದು ನಗರಗಳಲ್ಲಿ 2009ರಿಂದ 2013ರವರೆಗೆ ಇದನ್ನು ಪರೀಕ್ಷಿಸಿದಾಗ, ಹೀಗೆ ಮನೆ ಪಡೆದವರು ಉಳಿದವರಿಗಿಂತ ಹೆಚ್ಚು ಕಾಲ ಮನೆಯಲ್ಲಿ ಉಳಿದರು. ಹಾಗಂತ ಹೆಂಗಸರು ಮಕ್ಕಳು ಮಲಗುವ ಕೇಂದ್ರಕ್ಕೆ ಕುಡಿದವರನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ಅವರಿಗೆ ಬೇರೆ ಜಾಗ ಯಾವುದು ಅಂತ ಅರ್ಜಿಯಲ್ಲಿ ಇರಬೇಕು.

ಕಾಗದಪತ್ರ ಮತ್ತು ಭೇಟಿ

ಕೇಂದ್ರದಲ್ಲಿ ಇದ್ದವರಿಗೆ ರೇಷನ್ ಕಾರ್ಡ್, ಸಂಧ್ಯಾ ಸುರಕ್ಷಾ ಪಿಂಚಣಿ, ಬ್ಯಾಂಕ್ ಖಾತೆ ಎಷ್ಟು ಜನಕ್ಕೆ ಮಾಡಿಸಿದ್ದಾರೆ ನೋಡಿ. "ವಿಳಾಸ ಇಲ್ಲ, ಆಗಲ್ಲ" ಅನ್ನುವವರಿಗೆ ಒಂದು ಮಾತು ಹೇಳಿ. ಮನೆಯಿಲ್ಲದವರು ಮತದಾರರ ಪಟ್ಟಿಗೆ ಅರ್ಜಿ ಹಾಕಿದರೆ, ಅವರು ಹೇಳಿದ ಜಾಗದಲ್ಲಿ ನಿಜವಾಗಿ ಮಲಗುತ್ತಾರೆಯೇ ಎಂದು ಬೂತ್ ಮಟ್ಟದ ಅಧಿಕಾರಿ ಒಂದಕ್ಕಿಂತ ಹೆಚ್ಚು ರಾತ್ರಿ ಬಂದು ನೋಡಬೇಕು, ಖಚಿತವಾದರೆ ವಿಳಾಸದ ದಾಖಲೆ ಬೇಡ ಎಂದು ಚುನಾವಣಾ ಆಯೋಗವೇ ಹೇಳಿದೆ. ಹಾಗೆಯೇ 2017ರ ಮಾನಸಿಕ ಆರೋಗ್ಯ ಕಾಯಿದೆ ಪ್ರಕಾರ, ಮಾನಸಿಕ ಕಾಯಿಲೆಯಿಂದ ಬೀದಿಯಲ್ಲಿ ಅಲೆಯುತ್ತಾ ತಮ್ಮನ್ನು ತಾವು ನೋಡಿಕೊಳ್ಳಲಾಗದವರನ್ನು ರಕ್ಷಿಸಿ ಆಸ್ಪತ್ರೆಗೆ ತಲುಪಿಸುವುದು ಪೊಲೀಸರ ಕರ್ತವ್ಯ. ಇವು ಗೊತ್ತಿಲ್ಲದ ಸಂಸ್ಥೆಗೆ ಮೊದಲು ತರಬೇತಿ ಬೇಕು, ಆಮೇಲೆ ದುಡ್ಡು.

ಭೇಟಿಗೆ ಹಗಲು ಹೋಗಬೇಡಿ. ಹಗಲು ನೆಲ ಒರೆಸಿ, ರಂಗೋಲಿ ಹಾಕಿ, ಹೂ ಕೊಡುತ್ತಾರೆ. ರಾತ್ರಿ 10ರ ಮೇಲೆ ಇಬ್ಬರು ಮೂವರು ಸೇರಿ ಹೋಗಿ. ರಿಜಿಸ್ಟರಿನಲ್ಲಿ ಇರುವ ಹೆಸರು ಎಷ್ಟು, ಮಲಗಿದವರು ಎಷ್ಟು ಎಣಿಸಿ. ಕಂಬಳಿ ಮೂಸಿ ನೋಡಿ, ನಾಚಿಕೆ ಬೇಡ. ಅಲ್ಲಿರುವ ಹೆಂಗಸಿನ ಪಕ್ಕ ಕೂತು, ಕೆಲಸದವರು ಇಲ್ಲದಾಗ, "ಇಲ್ಲಿ ನಿದ್ದೆ ಬರುತ್ತಾ ಅಮ್ಮ?" ಅಂತ ಕೇಳಿ.

ಮುಂದಿನ ಸಭೆಯಲ್ಲಿ ಮಾಡಲು

ಇಬ್ಬರು ಅರ್ಜಿ ಹಾಕಿದ್ದಾರೆ. ಮೊದಲನೆಯವರು ಹೊಸ ಕಟ್ಟಡದಲ್ಲಿ 60 ಹಾಸಿಗೆಗೆ ವರ್ಷಕ್ಕೆ 12 ಲಕ್ಷ ಕೇಳಿದ್ದಾರೆ. ಕಟ್ಟಡ ಬೈಪಾಸಿನ ಆಚೆ ಇದೆ. ಪಾಲುದಾರರ ಪಟ್ಟಿಯಲ್ಲಿ ಒಂಬತ್ತು ಹೆಸರು, ಪತ್ರ ಒಂದೂ ಇಲ್ಲ. ಎರಡನೆಯವರು ಬಸ್‌ಸ್ಟ್ಯಾಂಡಿನ ಹಿಂದೆ 20 ಹಾಸಿಗೆಗೆ 7 ಲಕ್ಷ ಕೇಳಿದ್ದಾರೆ. ಜಿಲ್ಲಾ ಆಸ್ಪತ್ರೆಯ ಪತ್ರ ಇದೆ. ಹೋದ ವರ್ಷ ವಾಪಸ್ ಕಳಿಸಿದ 31 ಜನರ ಕಾರಣ ಬರೆದಿದ್ದಾರೆ, ಅದರಲ್ಲಿ 19 ಜನರಿಗೆ "ಜಾಗ ಇಲ್ಲ". ಒಂದು ಹಾಸಿಗೆಗೆ ಎರಡನೆಯವರದೇ ದುಬಾರಿ, ಲೆಕ್ಕ ಮಾಡಿ ನೋಡಿ. ಬರೆಯಲು ಬಾರದ ಸದಸ್ಯೆಯರು ಮೊದಲು ಮಾತಾಡಲಿ, ಕಾರ್ಯದರ್ಶಿ ಕೊನೆಗೆ. ಯಾರಿಗೆ ಕೊಡುತ್ತೀರಿ, ಕೊಡುವ ಮೊದಲು ಅವರಿಗೆ ಯಾವ ಮೂರು ಪ್ರಶ್ನೆ ಕೇಳುತ್ತೀರಿ ಎಂದು ನಿರ್ಣಯ ಪುಸ್ತಕದಲ್ಲಿ ಬರೆದು, ನಿಮ್ಮ ವಲಯದ ಕಾರ್ಯಕರ್ತೆಯ ಕೈಯಲ್ಲಿ ಕಳಿಸಿಕೊಡಿ. ನಾನು ಎಲ್ಲವನ್ನೂ ಓದುತ್ತೇನೆ.