‘ಇತರೆ ಖರ್ಚು’ ಎಂದು ಬರೆಯುವ ಮೊದಲು

ಸಣ್ಣ ಉದ್ಯಮಗಳ ಲೆಕ್ಕದ ಪುಸ್ತಕದಲ್ಲಿ ‘ಇತರೆ ಖರ್ಚು’ ಎಂಬ ಸಾಲೊಂದು ಇದ್ದೇ ಇರುತ್ತದೆ. ಚಹಾ, ಆಟೋ, ಜೆರಾಕ್ಸ್, ಜಾತ್ರೆಯ ವಂತಿಗೆ ಎಲ್ಲವೂ ಅದರೊಳಗೆ. ಬಿಲ್ ಇಲ್ಲದ ಮತ್ತೊಂದು ಬಾಬತ್ತೂ ಅಲ್ಲೇ ಬಂದು ಕೂರುತ್ತದೆ: ಕಚೇರಿಯಲ್ಲಿ ಕೊಟ್ಟಿದ್ದು. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಅಂಗಡಿ, ಹೋಮ್ ಸ್ಟೇ, ಉಪ್ಪಿನಕಾಯಿ ಘಟಕ, ಗ್ಯಾರೇಜು ನಡೆಸುವ ಅನೇಕರು ಇದನ್ನು ಸಮಯ ಉಳಿಸುವ ಖರ್ಚು ಎಂದೇ ತಿಳಿದಿದ್ದಾರೆ. ಮೊದಲು ಈ ಲೆಕ್ಕವನ್ನೇ ತಿದ್ದಬೇಕು. ಕಾನೂನು ನಿಷೇಧಿಸಿದ ಉದ್ದೇಶಕ್ಕೆ ಮಾಡಿದ ವೆಚ್ಚವನ್ನು ಆದಾಯ ತೆರಿಗೆ ಕಾಯ್ದೆ ವ್ಯಾಪಾರದ ಖರ್ಚು ಎಂದು ಒಪ್ಪುವುದಿಲ್ಲ. ಐದು ಸಾವಿರ ಕೊಟ್ಟರೆ ಆ ಐದು ಸಾವಿರ ಕೈಬಿಟ್ಟು ಹೋದ ಮೇಲೂ ಕಾಗದದಲ್ಲಿ ನಿಮ್ಮ ಲಾಭವಾಗಿಯೇ ಉಳಿಯುತ್ತದೆ. ತೆರಿಗೆ ಬಂದರೆ ಅದರ ಮೇಲೂ ಬರುತ್ತದೆ. ಬ್ಯಾಂಕಿಗೆ ಕೊಡುವ ಯೋಜನಾ ವರದಿಯಲ್ಲೂ ಅದಕ್ಕೆ ಜಾಗವಿಲ್ಲ. ಕೊನೆಗೆ ಅದು ಮಾಲಿನ ದರಕ್ಕೋ ಕೆಲಸದವರ ಕೂಲಿಗೋ ಬಂದು ತಗಲುತ್ತದೆ.

ಕೊಡದೆ ಕಾಯುವುದೂ ಪುಕ್ಕಟೆಯಲ್ಲ, ಅದನ್ನೂ ಒಪ್ಪಬೇಕು. ಸಿದ್ದಾಪುರದ ಕಡೆ ಒಬ್ಬರು ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕ ಹಾಕಿದರು ಎಂದುಕೊಳ್ಳೋಣ. ತೋಟದಲ್ಲಿ ಹಾಳೆ ಬೀಳುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಮಳೆ ಹಿಡಿಯುವ ಮೊದಲೇ ಹೆಕ್ಕಿ, ಒಣಗಿಸಿ, ಒಳಗೆ ಒಟ್ಟಬೇಕು. ಜೂನ್ ಬಂತೆಂದರೆ ಅದಕ್ಕೆ ಬೂಸಲು. ಶೆಡ್ಡು ಎದ್ದಿದೆ, ಯಂತ್ರ ಬಂದಿದೆ, ಸಾಲದ ಕಂತು ಶುರುವಾಗಿದೆ, ಕಾಗದ ಮಾತ್ರ ಯಾವುದೋ ಮೇಜಿನ ಮೇಲಿದೆ. “ಆಗ್ತದೆ ಹೆಗಡೇರೆ, ಸಾಹೇಬ್ರು ರಜೆಲಿದ್ದಾರೆ, ಮುಂದಿನ ವಾರ ಬನ್ನಿ” ಎನ್ನುತ್ತಾರೆ ಒಳಗಿನವರು. ಲಂಚದ ಮಾತು ಇನ್ನೂ ಬಂದೇ ಇಲ್ಲ. ಮೂರನೆಯ ಸಲ ಹೋದಾಗ ಹೊರಗೆ ನಿಂತ ಏಜೆಂಟ್ ಹತ್ತಿರ ಬಂದು, “ಸುಮ್ನೆ ಎಷ್ಟು ಸಲ ಓಡಾಡ್ತೀರಿ?” ಎಂದು ಕೇಳುತ್ತಾನೆ. ಲಂಚ ಹುಟ್ಟುವುದು ಇಲ್ಲಿ, ತಾರೀಖಿಲ್ಲದ ಈ ವಿಳಂಬದಲ್ಲಿ. ಆದ್ದರಿಂದ ಪ್ರತಿ ಅರ್ಜಿಗೂ ಒಂದು ತಾರೀಖು ಕಟ್ಟುವುದೇ ಉದ್ಯಮಿಯ ಮೊದಲ ಕೆಲಸ.

ಅದಕ್ಕೆ ಕಾನೂನು ಇದೆ. ಕರ್ನಾಟಕದ ಸಕಾಲ ಕಾಯ್ದೆ 2011ರದು, ಜಾರಿಗೆ ಬಂದದ್ದು 2012ರ ಏಪ್ರಿಲ್‌ನಲ್ಲಿ. ಸಕಾಲದ ಪಟ್ಟಿಯಲ್ಲಿರುವ ಯಾವುದೇ ಸೇವೆಗೆ ಅರ್ಜಿ ಕೊಟ್ಟರೂ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುವ ಸ್ವೀಕೃತಿ ಕೊಡಬೇಕು. ಅರ್ಜಿಯನ್ನು ‘ಇಟ್ಟು ಹೋಗಿ’ ಎಂದರೆ ಇಟ್ಟು ಬರಬೇಡಿ, ಆ ಚೀಟಿ ಕೇಳಿ ಪಡೆಯಿರಿ. ಯಾವ ಸೇವೆಗೆ ಎಷ್ಟು ದಿನ ಎಂಬ ಫಲಕ ಕಚೇರಿಯಲ್ಲೇ ಇರಬೇಕು, ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಳ್ಳಿ. ಗಡುವು ಮೀರಿದರೆ, ಅಥವಾ ಅರ್ಜಿ ತಿರಸ್ಕಾರವಾದರೆ, ಸಕ್ಷಮ ಅಧಿಕಾರಿಗೆ ಮೇಲ್ಮನವಿ. ಅಲ್ಲೂ ಆಗದಿದ್ದರೆ ಮೇಲ್ಮನವಿ ಪ್ರಾಧಿಕಾರಕ್ಕೆ ಎರಡನೆಯದು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಉಂಟು. ದಿನಕ್ಕೆ ಒಂದು ಲೋಟ ಕಷಾಯದ ದುಡ್ಡು ಅಷ್ಟೆ, ನಗಬೇಡಿ. ಆ ಹಣ ತಡ ಮಾಡಿದ ಅಧಿಕಾರಿಯ ಸಂಬಳದಿಂದ ಹೋಗುತ್ತದೆ, ಅವರ ಹೆಸರಿನ ಮುಂದೆ ದಾಖಲಾಗುತ್ತದೆ. ಕಚೇರಿಯವರಿಗೆ ಚುಚ್ಚುವುದು ಈ ದಾಖಲೆ.

ಹೊಸ ವಿದ್ಯುತ್ ಸಂಪರ್ಕಕ್ಕೂ ಹೀಗೆಯೇ ದಿನ ಗೊತ್ತುಮಾಡಿದ್ದಾರೆ. ಕೇಂದ್ರದ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ಪೂರ್ಣ ಅರ್ಜಿ ಕೊಟ್ಟ ಮೇಲೆ ಪಟ್ಟಣದಲ್ಲಿ 7 ದಿನ, ಹಳ್ಳಿಯಲ್ಲಿ 15 ದಿನ, ಗುಡ್ಡಗಾಡು ಹಳ್ಳಿಯಾದರೆ 30 ದಿನ. ಹೊಸ ಲೈನು, ಟ್ರಾನ್ಸ್‌ಫಾರ್ಮರ್ ಬೇಕಾದಲ್ಲಿ ಅವಧಿ ಬೇರೆ. ಮೀರಿದರೆ ವಿದ್ಯುತ್ ಕಂಪನಿ ಹೆಸ್ಕಾಂನ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಬರೆಯಬಹುದು. ಉಪ್ಪಿನಕಾಯಿ, ಹಪ್ಪಳ, ಜೋನಿಬೆಲ್ಲ ಮಾಡುವ ಸಣ್ಣ ತಯಾರಕರ ನೋಂದಣಿಗೆ 2011ರ ಆಹಾರ ಸುರಕ್ಷತಾ ನಿಯಮಾವಳಿ ಇನ್ನೂ ಮುಂದೆ ಹೋಗಿದೆ. 7 ದಿನದಲ್ಲಿ ನೋಂದಣಿ ಕೊಡಬೇಕು, ಇಲ್ಲವೇ ಕಾರಣ ಬರೆದು ನಿರಾಕರಿಸಬೇಕು, ಇಲ್ಲವೇ ತಪಾಸಣೆಗೆ ನೋಟಿಸ್ ಕೊಡಬೇಕು. ಇದ್ಯಾವುದೂ ಆಗದಿದ್ದರೆ, ಅಥವಾ ತಪಾಸಣೆ ಎಂದು ಹೇಳಿ 30 ದಿನ ತೀರ್ಮಾನವೇ ಬಾರದಿದ್ದರೆ, ತಯಾರಕರು ಕೆಲಸ ಶುರು ಮಾಡಬಹುದು. ಆಮೇಲೆ ಅಧಿಕಾರಿ ಸೂಚಿಸುವ ಸುಧಾರಣೆಗಳನ್ನು ಪಾಲಿಸಿದರೆ ಆಯಿತು. ಈ ಅನುಕೂಲ ಸಿಗಬೇಕಾದರೂ ಅರ್ಜಿ ಕೊಟ್ಟ ತಾರೀಖು ನಿಮ್ಮ ಕೈಯಲ್ಲಿರಬೇಕು.

ಕಡತ ಎಲ್ಲಿದೆ ಎಂದೇ ಗೊತ್ತಾಗದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ದಾಟಬಾರದು. “ನನ್ನ ಕೆಲಸ ಯಾಕೆ ಆಗಿಲ್ಲ?” ಎಂದು ಕೇಳಿದರೆ “ಪರಿಶೀಲನೆಯಲ್ಲಿದೆ” ಎಂಬ ಉತ್ತರ ಬರುತ್ತದೆ. ಹಾಗೆ ಕೇಳದೆ, ಇಂಥ ದಿನಾಂಕದ ನನ್ನ ಅರ್ಜಿ ಯಾವ ಯಾವ ದಿನ ಯಾವ ಹುದ್ದೆಯವರ ಮೇಜಿಗೆ ಬಂತು, ಎಂದು ಹೊರಟಿತು, ಅದರ ಮೇಲಿನ ಟಿಪ್ಪಣಿಗಳ ನಕಲು ಕೊಡಿ ಎಂದು ಬರೆಯಿರಿ. 30 ದಿನದಲ್ಲಿ ಉತ್ತರ ಬರಬೇಕು. ಎಷ್ಟೋ ಸಲ ಉತ್ತರಕ್ಕಿಂತ ಮೊದಲು ಕೆಲಸವೇ ಆಗಿಬಿಡುತ್ತದೆ.

ಲಂಚ ಕೇಳಿಯೇ ಬಿಟ್ಟರೆ?

ಭ್ರಷ್ಟಾಚಾರ ತಡೆ ಕಾಯ್ದೆ 1988ರದು. 2018ರ ತಿದ್ದುಪಡಿ ಅದನ್ನು ಬಹಳ ಬದಲಿಸಿತು, ವ್ಯಾಪಾರಸ್ಥರಿಗೆ ಆ ಬದಲಾವಣೆ ಇನ್ನೂ ಸರಿಯಾಗಿ ತಲುಪಿಲ್ಲ. ಲಂಚ ಪಡೆದ ಸಾರ್ವಜನಿಕ ನೌಕರನಿಗೆ ಕಲಂ 7ರಡಿ 3ರಿಂದ 7 ವರ್ಷದವರೆಗೆ ಜೈಲು, ಜೊತೆಗೆ ದಂಡ. ಪಡೆಯಲು ಯತ್ನಿಸಿದರೂ ಅಪರಾಧವೇ. “ಕೆಲಸ ನಿಯಮದ ಪ್ರಕಾರವೇ ಮಾಡಿದ್ದೇನೆ” ಎಂಬುದು ಸಮರ್ಥನೆ ಆಗುವುದಿಲ್ಲ. ಸಾಹೇಬರನ್ನು ಒಪ್ಪಿಸುತ್ತೇನೆಂದು ಹಣ ತೆಗೆದುಕೊಳ್ಳುವ ಏಜೆಂಟನಿಗೂ ಕಲಂ 7ಎ ಅಡಿ ಅದೇ ಶಿಕ್ಷೆ.

ಕೊಡುವವರ ಸ್ಥಿತಿ ಬದಲಾದದ್ದು ಕಲಂ 8ರಲ್ಲಿ. ನೌಕರನಿಂದ ತಪ್ಪು ಕೆಲಸ ಮಾಡಿಸಿಕೊಳ್ಳಲು ಲಂಚ ಕೊಟ್ಟವರಿಗೂ 7 ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಒತ್ತಾಯಕ್ಕೆ ಸಿಕ್ಕಿ ಕೊಟ್ಟವರಿಗೆ ಮಾತ್ರ ಕಾನೂನು ಒಂದು ದಾರಿ ಬಿಟ್ಟಿದೆ: ಕೊಟ್ಟ ದಿನದಿಂದ 7 ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಬೇಕು. ಎಂಟನೆಯ ದಿನ ಹೋದರೆ ಆ ರಕ್ಷಣೆಯನ್ನು ನೆಚ್ಚಿಕೊಳ್ಳಲು ಬರುವುದಿಲ್ಲ. ಕೊಡುವ ಮೊದಲೇ ತನಿಖಾ ಸಂಸ್ಥೆಗೆ ತಿಳಿಸಿ, ಅವರಿಗೆ ನೆರವಾಗಲು ಕೊಟ್ಟವರಿಗೆ ಈ ಕಲಂ ತಗಲುವುದಿಲ್ಲ. ಇನ್ನೊಂದು ವಿಷಯ ಪಾಲುದಾರರು ಗಮನಿಸಬೇಕು. ಸಂಸ್ಥೆಯ ಪರವಾಗಿ ಮ್ಯಾನೇಜರನೋ ಏಜೆಂಟನೋ ಲಂಚ ಕೊಟ್ಟರೆ ಕಲಂ 9ರಡಿ ಸಂಸ್ಥೆಗೆ ದಂಡ ಬೀಳುತ್ತದೆ. ಮಾಲೀಕರ ಒಪ್ಪಿಗೆ ಇತ್ತೆಂದು ಸಾಬೀತಾದರೆ ಕಲಂ 10ರಡಿ ಅವರಿಗೂ 3ರಿಂದ 7 ವರ್ಷ. “ನೀನೇ ನೋಡಿಕೊಂಡು ಮುಗಿಸಿ ಬಾ” ಎಂದು ಹುಡುಗನನ್ನು ಕಳಿಸುವ ಧಣಿಗಳು ಇದನ್ನು ಓದಿಕೊಳ್ಳಲಿ. ಏಜೆಂಟನಿಗೆ ಕೊಡುವ ಪ್ರತಿ ರೂಪಾಯಿಗೂ ರಸೀದಿ ಕೇಳುವುದು, ನಗದಾಗಿ ಕೊಡದಿರುವುದು ಸಣ್ಣ ಸಂಸ್ಥೆಗೂ ಸಾಧ್ಯವಿರುವ ಕ್ರಮ.

‘ಸಾರ್ವಜನಿಕ ನೌಕರ’ ಎಂದರೆ ತಹಶೀಲ್ದಾರರ ಕಚೇರಿಯವರು ಮಾತ್ರವಲ್ಲ. ಶಿರಸಿ ನಗರಸಭೆ, ಸಿದ್ದಾಪುರ ಮತ್ತು ಯಲ್ಲಾಪುರ ಪಟ್ಟಣ ಪಂಚಾಯಿತಿ, ಗ್ರಾಮ ಪಂಚಾಯಿತಿಗಳ ನೌಕರರೂ ಇದರಲ್ಲಿ ಸೇರುತ್ತಾರೆ. ಸೊಸೈಟಿಯಿಲ್ಲದೆ ಕೃಷಿಯೂ ಇಲ್ಲ ವ್ಯಾಪಾರವೂ ಇಲ್ಲ ಎಂಬ ಈ ಸೀಮೆಯಲ್ಲಿ ಇನ್ನೊಂದು ಮಾತು ಮುಖ್ಯ. ಕೃಷಿ, ಕೈಗಾರಿಕೆ, ವ್ಯಾಪಾರ ಅಥವಾ ಬ್ಯಾಂಕಿಂಗ್ ಮಾಡುವ ಸಹಕಾರಿ ಸಂಘ ಸರ್ಕಾರದ ಹಣಕಾಸಿನ ನೆರವು ಪಡೆದಿದ್ದರೆ ಅದರ ಅಧ್ಯಕ್ಷರು, ಕಾರ್ಯದರ್ಶಿಗಳೂ ಈ ಕಾಯ್ದೆಯ ಕಣ್ಣಿನಲ್ಲಿ ಸಾರ್ವಜನಿಕ ನೌಕರರೇ.

ದೂರು ಕೊಡುವುದು ಲೋಕಾಯುಕ್ತಕ್ಕೆ. 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಹುಟ್ಟಿದ ಮೇಲೆ ಲೋಕಾಯುಕ್ತ ಪೊಲೀಸರ ಕೈಯಿಂದ ಲಂಚದ ಪ್ರಕರಣ ತನಿಖೆ ಮಾಡುವ ಅಧಿಕಾರ ಹೋಗಿತ್ತು. 2022ರ ಆಗಸ್ಟ್ 11ರಂದು ಹೈಕೋರ್ಟ್ ಎಸಿಬಿಯನ್ನು ರದ್ದುಮಾಡಿ ಆ ಅಧಿಕಾರವನ್ನು ಮರಳಿಸಿತು. ಉತ್ತರ ಕನ್ನಡದ ಲೋಕಾಯುಕ್ತ ಪೊಲೀಸ್ ಠಾಣೆ ಇರುವುದು ಕಾರವಾರದಲ್ಲಿ. ಘಟ್ಟದ ಮೇಲಿನ ನಮಗೆ ಜಿಲ್ಲಾ ಕೇಂದ್ರ ಎಷ್ಟು ದೂರ ಎಂಬುದು ಹಳೆಯ ಕೊರಗು. ಸಿದ್ದಾಪುರದವರು ಒಂದು ದಿನದ ವ್ಯಾಪಾರ ಬಿಟ್ಟೇ ಹೋಗಬೇಕು. ಮೊದಲು ಫೋನಿನಲ್ಲಿ ಮಾತಾಡಿ ಹೊರಡುವುದು ಒಳ್ಳೆಯದು. ಲೋಕಾಯುಕ್ತ ಅಧಿಕಾರಿಗಳು ತಾಲ್ಲೂಕುಗಳಿಗೇ ಬಂದು ಅಹವಾಲು ಕೇಳುವುದೂ ಉಂಟು, ದಿನಾಂಕ ಪತ್ರಿಕೆಗಳಲ್ಲಿ ಬರುತ್ತದೆ.

ಇಲ್ಲಿ ಎರಡು ದಾರಿಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಅಧಿಕಾರಿಯ ದುರ್ನಡತೆ, ಕರ್ತವ್ಯಲೋಪದ ಬಗ್ಗೆ 1984ರ ಲೋಕಾಯುಕ್ತ ಕಾಯ್ದೆಯಡಿ ವಿಚಾರಣೆ ಬೇಕಾದರೆ ನಿಗದಿತ ನಮೂನೆಯ ದೂರು ಮತ್ತು ಅಫಿಡವಿಟ್ ಬೇಕು. ಅದನ್ನು ಬೆಂಗಳೂರಿನ ಬಹುಮಹಡಿ ಕಟ್ಟಡದ ಕಚೇರಿಗೆ ಅಂಚೆಯಲ್ಲೂ ಕಳಿಸಬಹುದು. ಘಟನೆ ನಡೆದು 5 ವರ್ಷ ಮೀರಿದ ಆರೋಪವನ್ನು ಅವರು ತೆಗೆದುಕೊಳ್ಳುವುದಿಲ್ಲ. ಬೇಕೆಂದೇ ಸುಳ್ಳು ದೂರು ಕೊಟ್ಟವರಿಗೆ ಇದೇ ಕಾಯ್ದೆಯಲ್ಲಿ ಜೈಲೂ ಇದೆ. ಲಂಚ ಕೇಳಿದ್ದಾರೆ, ಹಿಡಿಯಬೇಕು ಎನ್ನುವುದಾದರೆ ನೇರ ಲೋಕಾಯುಕ್ತ ಪೊಲೀಸರ ಬಳಿ ಹೋಗಬೇಕು.

ಅವರು ಮೊದಲು ನೋಡುವುದು ನಿಮ್ಮ ಕೆಲಸ ನಿಜವಾಗಿ ಆ ಅಧಿಕಾರಿಯ ಬಳಿ ಬಾಕಿ ಇದೆಯೇ, ಅವರು ಹಣ ಕೇಳಿದ್ದಕ್ಕೆ ಏನು ಆಧಾರ ಎಂಬುದನ್ನು. ಸ್ವೀಕೃತಿ ಚೀಟಿ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಎಫ್‌ಐಆರ್ ಆದ ಮೇಲೆ ಇಬ್ಬರು ಪಂಚರನ್ನು ಕರೆಸುತ್ತಾರೆ, ಹೆಚ್ಚಾಗಿ ಬೇರೆ ಇಲಾಖೆಯ ಸರ್ಕಾರಿ ನೌಕರರು. ನೋಟುಗಳ ನಂಬರ್ ಬರೆದುಕೊಂಡು ಅವಕ್ಕೆ ಫಿನಾಲ್ಫ್ತಲೀನ್ ಎಂಬ ಬಿಳಿ ಪುಡಿ ಸವರುತ್ತಾರೆ. ನೀವು ಅದನ್ನು ಅಧಿಕಾರಿ ಕೇಳಿದ ಮೇಲೆ ಮಾತ್ರ ಕೊಡಬೇಕು, ನೀವಾಗಿಯೇ ಮುಂದೆ ಚಾಚಬಾರದು. ಪಂಚರಲ್ಲಿ ಒಬ್ಬರು ಹತ್ತಿರವೇ ಇದ್ದು ಮಾತು ಕೇಳಿಸಿಕೊಳ್ಳುತ್ತಾರೆ. ಕೊಟ್ಟು ಹೊರಬಂದು ಮೊದಲೇ ಹೇಳಿಕೊಟ್ಟ ಸನ್ನೆ ಮಾಡಿದರೆ ತಂಡ ಒಳನುಗ್ಗುತ್ತದೆ. ಅಧಿಕಾರಿಯ ಕೈಬೆರಳನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ನೀರು ಬಾಟಲಿ ಸೇರಿ ಪ್ರಯೋಗಾಲಯಕ್ಕೆ ಹೋಗುತ್ತದೆ, ನೋಟು ಮುದ್ದೆಮಾಲಾಗುತ್ತದೆ. ನಿಮ್ಮ ಹಣ ಹೇಗೆ, ಎಂದು ಮರಳುತ್ತದೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ, ಸಂಕೋಚ ಬೇಡ.

ಗುಲಾಬಿ ಬಣ್ಣವೊಂದೇ ಸಾಲದು. ಹಣ ಕೇಳಿದ್ದೂ ಪಡೆದದ್ದೂ ಎರಡೂ ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನೀರಜ್ ದತ್ತಾ ಪ್ರಕರಣದಲ್ಲಿ 2022ರ ಡಿಸೆಂಬರ್ 15ರಂದು ಹೇಳಿತು. ದೂರುದಾರ ತೀರಿಕೊಂಡರೂ, ಮಾತು ತಿರುಗಿಸಿದರೂ, ಉಳಿದ ಸಾಕ್ಷ್ಯ ಮತ್ತು ಸನ್ನಿವೇಶದಿಂದ ಅದನ್ನು ಸಾಬೀತುಪಡಿಸಬಹುದು ಎಂದೂ ಸೇರಿಸಿತು. ಹಾಗಾಗಿ ಫೋನಿನಲ್ಲಿ ಮಾತು ರೆಕಾರ್ಡ್ ಆಗಿದ್ದರೆ ಅದನ್ನು ಕತ್ತರಿಸಬೇಡಿ, ವಾಟ್ಸ್‌ಆ್ಯಪಿನಲ್ಲಿ ಊರಿಗೆಲ್ಲ ಹಂಚಬೇಡಿ, ಮೂಲ ಫೋನನ್ನು ಮಾರಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಂತೆ ಇಂಥ ದಾಖಲೆಗೆ ಪ್ರಮಾಣಪತ್ರ ಬೇಕು, ಅದರ ವಿಧಾನವನ್ನು ಪೊಲೀಸರೇ ಹೇಳುತ್ತಾರೆ.

ಅರಬೈಲ್ ಘಟ್ಟದಲ್ಲಿ ಇಳಿದು ಹೋದ ಅದಿರು

ಲಂಚ ಎಂದರೆ ಐನೂರು, ಸಾವಿರದ ಮಾತು ಎಂದುಕೊಂಡವರು ಯಲ್ಲಾಪುರದ ಹೆದ್ದಾರಿಯನ್ನು ನೆನೆಯಬೇಕು. ಬಳ್ಳಾರಿ, ಹೊಸಪೇಟೆಯ ಕಬ್ಬಿಣದ ಅದಿರು ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಬಂದರಿಗೆ ಹೋಗುತ್ತಿದ್ದದ್ದು ಇದೇ ದಾರಿಯಲ್ಲಿ, ಅರಬೈಲ್ ಘಟ್ಟ ಇಳಿದು. 2010ರಲ್ಲಿ ಅರಣ್ಯ ಇಲಾಖೆ ಬಂದರಿನಲ್ಲಿ ಜಪ್ತಿ ಮಾಡಿದ ಲಕ್ಷಾಂತರ ಟನ್ ಅದಿರು ಅಲ್ಲಿಂದಲೇ ಮಾಯವಾಗಿ ಹಡಗು ಹತ್ತಿತು. ಜಪ್ತಿ ಮಾಡಿದ ಅರಣ್ಯ ಅಧಿಕಾರಿ ಆರ್. ಗೋಕುಲ್ ಅವರೇ ಅಮಾನತಾದರು. ಅದನ್ನು ಪ್ರತಿಭಟಿಸಿ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಆ ವರ್ಷದ ಜೂನ್‌ನಲ್ಲಿ ರಾಜೀನಾಮೆ ಕೊಟ್ಟು, ಆಮೇಲೆ ಹಿಂಪಡೆದರು. ಅವರ ಅಂತಿಮ ಗಣಿ ವರದಿ 2011ರ ಜುಲೈ 27ರಂದು ಬಂತು. ಎರಡೇ ದಿನದಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು.

ಪರವಾನಗಿ ಇದ್ದು, ರಾಜಧನ ಕಟ್ಟಿ ನಡೆಸುತ್ತಿದ್ದವರ ಗಣಿಯೂ ಅಕ್ರಮದವರ ಜೊತೆಗೇ ನಿಂತಿತು. ಸಾಲ ಮಾಡಿ ಲಾರಿ ಕೊಂಡವರಿಗೆ ಬಾಡಿಗೆ ಇಲ್ಲ. ದಾರಿಬದಿಯ ಊಟದ ಮನೆ, ಟಯರ್ ಅಂಗಡಿ, ಗ್ಯಾರೇಜುಗಳಿಗೆ ಗಿರಾಕಿ ಇಲ್ಲ. ತಾವು ಲಂಚ ಕೊಡದ, ಕೇಳದ ಜನ ಇವರು. ಬೇಲೆಕೇರಿ ಅದಿರಿನ ಮೊಕದ್ದಮೆ 2024ರ ಅಕ್ಟೋಬರ್‌ನಲ್ಲಿ ತೀರ್ಪು ಕಂಡಿತು. ಬೆಂಗಳೂರಿನ ವಿಶೇಷ ನ್ಯಾಯಾಲಯ ಕಾರವಾರದ ಶಾಸಕ ಸತೀಶ್ ಸೈಲ್ ಮತ್ತು ಬಂದರು ಅಧಿಕಾರಿ ಸೇರಿದಂತೆ ಹಲವರನ್ನು ದೋಷಿಗಳೆಂದು ಸಾರಿ ಜೈಲು ಶಿಕ್ಷೆ ವಿಧಿಸಿತು. ಮುಂದಿನ ತಿಂಗಳೇ ಹೈಕೋರ್ಟ್ ಶಾಸಕರ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಜಪ್ತಿಯಿಂದ ತೀರ್ಪಿಗೆ 14 ವರ್ಷ. ಅಷ್ಟು ದಿನ ಕಾಯುವ ಬಂಡವಾಳ ಯಾವ ಟಯರ್ ಅಂಗಡಿಯವನ ಬಳಿಯೂ ಇರುವುದಿಲ್ಲ.

ಸರ್ಕಾರಿ ಕಚೇರಿಗಳಿಗೇ ಮಾಲು ಪೂರೈಸುವವರಿಗೆ, ಕಾಮಗಾರಿ ಹಿಡಿಯುವವರಿಗೆ ಒಂದೆರಡು ಮಾತು. ಟೆಂಡರ್ ಅನ್ಯಾಯವಾಗಿ ಬೇರೆಯವರ ಪಾಲಾಯಿತು ಎನಿಸಿದರೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999ರ ಕಲಂ 16ರಡಿ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಬಿಲ್ ಪಾಸ್ ಮಾಡಲು ಪರ್ಸೆಂಟೇಜ್ ಕೇಳುತ್ತಾರೆಂಬ ದೂರು ಎಲ್ಲ ಕಡೆಯದು. ಉದ್ಯಮ್ ನೋಂದಣಿ ಇರುವ ಸಣ್ಣ ಉದ್ಯಮದ ಮಾಲಿಗೆ 2006ರ ಎಂಎಸ್‌ಎಂಇ ಕಾಯ್ದೆಯಂತೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು, ಕೊಳ್ಳುವವರು ಸರ್ಕಾರವೇ ಆದರೂ ಅಷ್ಟೇ. ತಪ್ಪಿದರೆ ಬ್ಯಾಂಕ್ ದರದ ಮೂರುಪಟ್ಟು ಚಕ್ರಬಡ್ಡಿ ಕೇಳುವ ಹಕ್ಕಿದೆ. ನೋಂದಣಿಗೆ ಒಂದು ರೂಪಾಯಿ ಖರ್ಚೂ ಇಲ್ಲ, ಆದರೂ ಮಾಡಿಸದವರೇ ಬಹಳ.

ದೂರು ಬರೆಯುವುದು ಹೇಗೆಂದು ತಿಳಿಯದಿದ್ದರೆ ವಕೀಲರ ಶುಲ್ಕಕ್ಕೆ ಹೆದರಬೇಕಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ನ್ಯಾಯಾಲಯದ ಆವರಣದಲ್ಲೇ ಕೇಳಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ನೆರವು ಉಚಿತ. ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿ ಇದೆ. ಸಹಾಯವಾಣಿ 15100. ಸ್ವಸಹಾಯ ಸಂಘ ಕಟ್ಟಿಕೊಂಡು ಹಪ್ಪಳ, ಉಪ್ಪಿನಕಾಯಿ ಮಾಡುವ ಹೆಂಗಸರು ಲೈಸೆನ್ಸ್ ಕಾಗದಗಳ ಜೊತೆಗೇ ಈ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಬಹುದು.