ಶ್ರೀರಂಗಪಟ್ಟಣದ ದಂಡಿನ ಸಮಾಧಿಸ್ಥಳ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ನಮ್ಮ ಹುಡುಗಿಯರನ್ನು ಕರೆದೊಯ್ದಾಗಲೆಲ್ಲ ಅವರನ್ನು ದಕ್ಷಿಣ ಭಾಗದ ಗರುಡಗಂಬದ ಬಳಿ ನಿಲ್ಲಿಸಿ ಪಾಠವನ್ನು ಆರಂಭಿಸುವುದು ನನ್ನ ವಾಡಿಕೆ. ಇಮ್ಮಡಿ ವೀರಬಲ್ಲಾಳನ ಕಾಲದವನಾದ ಕುವರ ಲಕ್ಷ್ಮನೆಂಬ ದಂಡನಾಯಕನು ಅರಸನಿಗೆ ಗರುಡನಾಗಿದ್ದು, ಅಂದರೆ ಒಡೆಯನೊಡನೆಯೇ ಬಾಳಿ ಒಡೆಯನೊಡನೆಯೇ ಸಾಯುವ ವ್ರತವನ್ನು ಹಿಡಿದಿದ್ದು, ಕಡೆಗೆ ತನ್ನ ಪತ್ನಿಯೊಡನೆಯೂ ಸಾವಿರ ವೀರರೊಡನೆಯೂ ಪ್ರಾಣವನ್ನು ಅರ್ಪಿಸಿದನೆಂದು ಆ ಕಂಬದ ಶಾಸನವು ಹೇಳುವುದು. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, “ಅಮ್ಮಾ, ಆ ಸಾವಿರ ಮಂದಿಯ ಹೆಸರುಗಳು ಎಲ್ಲಿವೆ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಮರುವರ್ಷದ ಪ್ರವಾಸಕ್ಕೆ ಶ್ರೀರಂಗಪಟ್ಟಣವನ್ನು ಆರಿಸಿದುದಕ್ಕೆ ಆ ಪ್ರಶ್ನೆಯೇ ಕಾರಣ.

ಶ್ರೀರಂಗಪಟ್ಟಣಕ್ಕೆ ಹೋಗುವವರು ದೇವಾಲಯ, ದರಿಯಾ ದೌಲತ್, ಗುಂಬಜ್ ಇವುಗಳನ್ನು ನೋಡಿ ಹಿಂದಿರುಗುವರು. ಕಾವೇರಿಯ ದಡದಲ್ಲಿರುವ ಗ್ಯಾರಿಸನ್ ಸಿಮೆಟ್ರಿಗೆ, ಎಂದರೆ ದಂಡಿನವರ ಸಮಾಧಿಸ್ಥಳಕ್ಕೆ, ಹೋಗುವವರು ವಿರಳ. ಅಲ್ಲಿ ಸುಮಾರು 300 ಗೋರಿಗಳಿವೆ.

1799ನೆಯ ಇಸವಿ ಮೇ 4ರಂದು ಮಧ್ಯಾಹ್ನ ಇಂಗ್ಲಿಷರ ಸೈನ್ಯವು ನದಿಯನ್ನು ದಾಟಿ ಒಡೆದ ಕೋಟೆಗೋಡೆಯನ್ನು ಏರಿತು. ಮಳೆಗಾಲ ಬಂದು ಕಾವೇರಿ ತುಂಬಿದರೆ ಮುತ್ತಿಗೆಯೇ ಕೆಡುವುದೆಂಬ ಭಯದಿಂದ ಅವರು ಅವಸರಪಟ್ಟರು. ಆ ದಾಳಿಗೆ ಮುಂದಾಳಾದ ಬೇರ್ಡ್ ಎಂಬ ಸೇನಾಪತಿಯು ಹಿಂದೆ ಇದೇ ಪಟ್ಟಣದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಸೆರೆಯಾಳಾಗಿದ್ದವನು. ಸಂಜೆಯೊಳಗೆ ಟಿಪ್ಪು ಸುಲ್ತಾನನು ಮಡಿದಿದ್ದನು.

ದಾಳಿಯಲ್ಲಿದ್ದವರೆಲ್ಲ ಇಂಗ್ಲಿಷರೆಂದು ತಿಳಿಯಬಾರದು. ಈ ದೇಶದ ಸಿಪಾಯಿಗಳು ಬಹಳ ಮಂದಿ ಇದ್ದರು. ಸ್ವಿಟ್ಸರ್ಲೆಂಡಿನವರೂ ಇದ್ದರು! ನೂಶಾಟೆಲ್ ಸೀಮೆಯ ಡಿ ಮ್ಯೂರನ್ ಎಂಬ ಶ್ರೀಮಂತನು 1781ರಲ್ಲಿ ಡಚ್ ಕಂಪೆನಿಗಾಗಿ ಒಂದು ಕೂಲಿ ರೆಜಿಮೆಂಟನ್ನು ಕಟ್ಟಿದನು. ಅದು ಸಿಂಹಳದಲ್ಲಿ ಡಚ್ಚರ ಕಾವಲಿಗಿದ್ದಾಗ, 1795ರಲ್ಲಿ, ಇಂಗ್ಲಿಷರ ಸಂಬಳಕ್ಕೆ ಬಂದಿತು. ಯುದ್ಧವು ಮುಗಿದ ಮೇಲೆ ಆ ಯೋಧರು ಕೆಲವು ವರ್ಷ ಶ್ರೀರಂಗಪಟ್ಟಣದಲ್ಲಿಯೇ ಉಳಿದರು. ಸಮಾಧಿಸ್ಥಳವು ಸುಮಾರು 1800ರಿಂದ ಬೆಳೆದುದು ಹೀಗೆ. 1806ರಲ್ಲಿ ಇಂಡಿಯಾವನ್ನು ಬಿಟ್ಟ ಆ ರೆಜಿಮೆಂಟು ಮುಂದೆ ಕೆನಡಾದವರೆಗೂ ಹೋಗಿ 1816ರಲ್ಲಿ ವಿಸರ್ಜಿತವಾಯಿತು.

ಯುದ್ಧಕ್ಕಿಂತ ಜ್ವರವೇ ಅಲ್ಲಿ ಹೆಚ್ಚು ಕ್ರೂರವಾಗಿತ್ತೆಂಬುದನ್ನು ವಿದ್ಯಾರ್ಥಿನಿಯರು ಗಮನಿಸಬೇಕು. ದ್ವೀಪದ ಹವೆಯು ದಂಡಿಗೆ ಒಗ್ಗದೆ, 1809ರಲ್ಲಿ ಅದನ್ನು ಬೆಂಗಳೂರಿಗೆ ವರ್ಗಾಯಿಸಿದರು. ಬೆಂಗಳೂರು ದಂಡುಪ್ರದೇಶದ ಮೂಲವು ಇದೇ. ಆದುದರಿಂದ ಇಲ್ಲಿ ಮಲಗಿರುವವರಲ್ಲಿ ಯೋಧರು ಮಾತ್ರವಲ್ಲ, ಅವರ ಹೆಂಡಿರೂ ಎಳೆಯ ಮಕ್ಕಳೂ ಇದ್ದಾರೆ. ನಮ್ಮ ಹುಡುಗಿಯರು ಕೋಟೆಯಲ್ಲಿ ಗದ್ದಲಮಾಡುತ್ತಿದ್ದವರು, ಚಿಕ್ಕ ಗೋರಿಗಳ ಮುಂದೆ ತಾವಾಗಿಯೇ ಸುಮ್ಮನಾದರು. ನಾನು ಏನನ್ನೂ ಹೇಳಬೇಕಾಗಲಿಲ್ಲ.

ಸ್ಮಶಾನವು ಬಹುಕಾಲ ಪಾಳುಬಿದ್ದಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಡಿ ಮ್ಯೂರನ್ ವಂಶದವರು ಮುಂದೆ ಬಂದು ಅದನ್ನು ದುರಸ್ತುಮಾಡಿಸಿದರು. ಇನ್ನೂರು ವರ್ಷಗಳ ಮೇಲೆ ತಮ್ಮವರನ್ನು ನೆನೆದು ಬಂದವರ ವಿಷಯದಲ್ಲಿ ನನಗೆ ಗೌರವವುಂಟು. ಆದರೆ ಅದೇ ದಿನ ಕೋಟೆಯೊಳಗೆ ಬಿದ್ದ ಟಿಪ್ಪುವಿನ ಸಾವಿರಾರು ಸೈನಿಕರಿಗೆ ಕಲ್ಲೆಲ್ಲಿ? ಸುಲ್ತಾನನಿಗೆ ಗಂಜಾಮಿನ ಗುಂಬಜ್ ಇದೆ. ತಂದೆ ಹೈದರನ ಪಕ್ಕದಲ್ಲಿ ಅವನನ್ನು ಮರುದಿನ ಮರ್ಯಾದೆಯಿಂದಲೇ ಹೂಳಿದರು. ಅವನ ಕಾಲಾಳುಗಳ ಹೆಸರನ್ನು ಯಾರೂ ಕೆತ್ತಲಿಲ್ಲ. ಹಳೇಬೀಡಿನಲ್ಲಿ ಕೇಳಿದ ಹುಡುಗಿಯೇ ಇಲ್ಲಿಯೂ ಇದನ್ನು ಕೇಳಿದಳು. ಪೋಷಕರು ಮಕ್ಕಳೊಡನೆ ಹೋದಾಗ ಗೋರಿಗಳನ್ನೂ ಗುಂಬಜನ್ನೂ ಒಂದೇ ದಿನ ತೋರಿಸಬೇಕೆಂದು ನಾನು ಒತ್ತಿಹೇಳುವುದು ಇದಕ್ಕಾಗಿಯೇ. ಒಂದನ್ನು ಮಾತ್ರ ನೋಡಿದರೆ ಪಾಠವು ಅರ್ಧವಾಗುವುದು.

ಹೋಗುವ ಮಾರ್ಗವು ಸುಲಭ. ಅರಸೀಕೆರೆಯಿಂದಾಗಲಿ ಹಾಸನದಿಂದಾಗಲಿ ರೈಲಿನಲ್ಲಿ ಮೈಸೂರನ್ನು ಸೇರಿ, ಅಲ್ಲಿಂದ ಸುಮಾರು 15 ಕಿಲೋಮೀಟರು ಬಸ್ಸಿನಲ್ಲಿ ಅಥವಾ ರೈಲಿನಲ್ಲಿ ಹೋಗಬೇಕು. ಶ್ರೀರಂಗಪಟ್ಟಣದ ಬಸ್ ನಿಲ್ದಾಣದಿಂದ ಸ್ಮಶಾನಕ್ಕೆ ನಡೆದೇ ಹೋಗಬಹುದು. ಬೆಳಿಗ್ಗೆ ಬೇಗನೆ ಹೋಗುವುದು ಲೇಸು. ಓರೆಯಾಗಿ ಬೀಳುವ ಬಿಸಿಲಿನಲ್ಲಿ ಸವೆದ ಅಕ್ಷರಗಳು ಎದ್ದು ಕಾಣುವುವು. ಅಕ್ಷರ ಕಾಣದೆಂದು ಸೀಮೆಸುಣ್ಣವನ್ನು ತಿಕ್ಕಬಾರದು. ಇದನ್ನು ಒಮ್ಮೆ ನಾನೇ ಮಾಡಿ ನಾಚಿಕೆಪಟ್ಟಿರುವೆನು. ಗಾರೆಯ ಮೇಲೆ ಕೂಡುವುದು, ಗೋರಿಯ ಮೇಲೆ ಬುತ್ತಿಯನ್ನು ಬಿಚ್ಚುವುದು, ಇವೂ ಬೇಡ. ಹುಲ್ಲು ಬೆಳೆದಿರುವ ಕಾಲದಲ್ಲಿ ಹಾವಿನ ಭಯವಿರುವುದರಿಂದ ಮುಚ್ಚಿದ ಪಾದರಕ್ಷೆಗಳಿರಲಿ. ಪಕ್ಕದ ನದಿಗೆ ಮಕ್ಕಳನ್ನು ಇಳಿಯಗೊಡಬೇಡಿರಿ. ಕಾವೇರಿಯ ಸೆಳೆತವು ಮೇಲಿನಿಂದ ತಿಳಿಯುವುದಿಲ್ಲ.

ನಮ್ಮ ಹುಡುಗಿಯರು ಓದಲು ಸಾಧ್ಯವಾದ ಗೋರಿಬರಹಗಳನ್ನು ಒಂದು ದಪ್ಪ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಅದರ ಕೊನೆಯ ಭಾಗವನ್ನು ತಮ್ಮ ತಮ್ಮ ಊರುಗಳ ವೀರಗಲ್ಲುಗಳಿಗಾಗಿ ಮೀಸಲಿಟ್ಟಿದ್ದಾರೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಾದರೂ ಎರಡರಲ್ಲಿ ಯಾವುದನ್ನಾದರೂ ಓದಿ ಬರೆದುಕೊಂಡಿದ್ದರೆ, ಊರಿನ ಹೆಸರಿನೊಡನೆ ಶಾಲೆಗೆ ಕಳುಹಿಸಿಕೊಡಬೇಕೆಂದು ಕೋರುತ್ತೇನೆ. ಹಾಳೆಗಳು ಇನ್ನೂ ಬಹಳ ಉಳಿದಿವೆ.